ನಾಯಿ ದಡ ಸೇರಿತೇ

“ಎಲ್ಲೈತೆ ಸಾರ್, ತೋರ್ಸಿ.”

ಸೆಲ್ವಿ ಪುಸ್ತಕವನ್ನು ಮೇಜಿನ ಮೇಲಿಟ್ಟಾಗ, ತಾನು ಸಿಕ್ಕಿಬಿದ್ದೆನೆಂದು ಪ್ರಭಾಕರ್‌ಗೆ ತಕ್ಷಣ ಹೊಳೆಯಲಿಲ್ಲ. ಕಥೆಯಲ್ಲಿ ಪ್ರವಾಹಕ್ಕೆ ಸಿಕ್ಕ ನಾಯಿ ಬದುಕಿತೋ ಸತ್ತಿತೋ ಎಂದು ಅವಳು ಕೇಳಿದ್ದಳು. ಬದುಕಿತು ಎಂದು ಅವನು ಹೇಳಿದ್ದ. ಮಕ್ಕಳಿಗೆ ಅಂಥ ಉತ್ತರವೇ ಹಿಡಿಸುತ್ತದೆ ಎಂಬುದು ಅವನ ಎಣಿಕೆ.

“ಕೊನೇಲಿ ಎಲ್ಲೋ ಬರುತ್ತಮ್ಮ.”

“ಕೊನೇನ ಮೂರು ಸಲ ಓದ್ದೆ ಸಾರ್. ಅಲ್ಲಿಲ್ಲ.” ಅವಳು ಅವನ ಮುಖವನ್ನೇ ನೋಡಿದಳು. “ನೀವು ಓದಿದೀರ ಅಲ್ವಾ?”

“ಓದ್ದೇ ಇರ್ತೀನಾ?” ಎಂದುಬಿಟ್ಟ.

ತಮಿಳು ಸೀಮೆಯ ನಂಗವಳ್ಳಿ ಹತ್ತಿರದ ಆ ಸರ್ಕಾರಿ ಹೈಸ್ಕೂಲಿನಲ್ಲಿ ಅವನು ಆಟದ ಮೇಷ್ಟ್ರು. ಚೆಂಡುಗಳನ್ನಿಡುವ ಕೋಣೆಯ ಪಕ್ಕದಲ್ಲೇ ಲೈಬ್ರರಿ ಇದ್ದುದರಿಂದ ಹೆಡ್‌ಮಾಸ್ಟರ್ ಸುಬ್ಬರಾಯನ್ ಜೂನ್ ತಿಂಗಳಲ್ಲಿ ಅದರ ಬೀಗದಕೈಯನ್ನೂ ಇವನ ಕೈಗೆ ಹಾಕಿದ್ದರು. ಅಂದಿನಿಂದ ಇವನು ಧೂಳು ಹೊಡೆಸುತ್ತಿದ್ದ, ರಿಜಿಸ್ಟರಿನಲ್ಲಿ ಹೆಸರು ಬರೆಯುತ್ತಿದ್ದ. ಒಂದು ಕಥೆಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದು ಅವನ ಜೀವಮಾನದಲ್ಲೇ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಎಂಟನೇ ಕ್ಲಾಸಿನ ಈ ಹುಡುಗಿ ನೇಕಾರರ ಬೀದಿಯವಳು, ಅವನ ಹಾಗೇ ಮನೆಯಲ್ಲಿ ಕನ್ನಡ ಆಡುವವಳು. ಶಾಲೆಯಲ್ಲಿ ಎಲ್ಲರಂತೆ ತಮಿಳೇ ಮಾತಾಡಿದರೂ, ಏನಾದರೂ ಬೇಕೇ ಬೇಕೆಂದಾಗ ಮಾತ್ರ ಅವನ ಹತ್ತಿರ ಕನ್ನಡಕ್ಕೆ ಇಳಿಯುತ್ತಿದ್ದಳು.

ಸಂಜೆ ಅವನು ಆ ಪುಸ್ತಕವನ್ನು ಮನೆಗೆ ಒಯ್ದ. ರಟ್ಟಿನ ಮೇಲೆ ಹರಿಗೋಲಿನ ಚಿತ್ರವಿದ್ದ ತೆಳ್ಳನೆಯ ತಮಿಳು ಪುಸ್ತಕ. ಮೊದಲು ಕೊನೆಯ ಪುಟವನ್ನಷ್ಟೇ ನೋಡಿದ. ಮುದುಕನೊಬ್ಬ ದಿನಾ ಸಂಜೆ ದಡಕ್ಕೆ ಬಂದು ಸಿಳ್ಳೆ ಹಾಕುತ್ತಾನೆ, ಕತ್ತಲಾದ ಮೇಲೆ ಹಿಂದಿರುಗುತ್ತಾನೆ. ಅಷ್ಟೇ. ನಾಯಿಯ ಸುದ್ದಿಯೇ ಇಲ್ಲ. ಸಿಳ್ಳೆ ಯಾಕೆ? ಹತ್ತು ಪುಟ ಹಿಂದಕ್ಕೆ ಹೋದ. ಅಲ್ಲಿ ಯಾರೋ ಅಳುತ್ತಿದ್ದರು, ಯಾಕೆಂದು ತಿಳಿಯಲಿಲ್ಲ. ಇನ್ನೂ ಹಿಂದೆ ಸರಿದು ಸರಿದು, ಕೊನೆಗೆ ಮೊದಲ ಪುಟಕ್ಕೇ ಬಂದು ಕೂತ.

“ಏನ್ಲಾ ಅದು, ಪರೀಕ್ಷೆಗೆ ಓದೋ ಅಂಗೆ ಓದ್ತಿದ್ದೀಯ?” ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ ತಾಯಿ ಗಂಗಲಕ್ಷ್ಮಮ್ಮ ಕೇಳಿದಳು.

ಸೆಲ್ವಿ ಕೇಳಿದ್ದನ್ನು ತಿಳಿಸಿ, ಅವನು ಓದುತ್ತ ಓದುತ್ತ ಕಥೆಯನ್ನು ಕನ್ನಡದಲ್ಲಿ ಹೇಳಿದ. ಹರಿಗೋಲು ಮಗುಚಿದಾಗ ಮುದುಕನನ್ನು ಹಿಡಿಯಲು ನಾಯಿ ನೀರಿಗೆ ಹಾರುವಲ್ಲಿಗೆ ಬರುವಷ್ಟರಲ್ಲಿ ತಾಯಿಯ ಕೈಯ ಲಾಳಿ ನಿಂತಿತ್ತು.

“ಆಮ್ಯಾಕೆ?”

“ಮುದುಕ ಬದುಕ್ದ, ದಿನಾ ಸಂಜೆ ದಡಕ್ಕೆ ಬಂದು ಸಿಳ್ಳೆ ಹಾಕ್ತಾನೆ. ನಾಯಿ ಏನಾಯ್ತೋ ಬರೆದಿಲ್ಲ.”

“ಅದೆಂಗ್ಲಾ ಬರೀದೆ ಓಗ್ತಾನೆ? ಸತ್ತೋಗಿದ್ರೆ ಮುದುಕ ಸಿಳ್ಳೆ ಯಾಕಾಕ್ತಾನೆ? ಬದುಕೈತೆ. ನಾಳೆ ಆ ಉಡ್ಗೀಗೆ ಅಂಗಂತ ಏಳು.”

“ಅಂಗಂತ್ಲೇ ಹೇಳಿದ್ದೀನಮ್ಮ, ಪುಸ್ತಕ ಓದದೇನೇ.”

ತಾಯಿ ಮಗ್ಗದ ಮೇಲೆ ಬಾಗಿದಳು. ತುಂಡಾದ ಎಳೆಯೊಂದನ್ನು ಹುಡುಕಿ ಗಂಟುಹಾಕತೊಡಗಿದಳು. ಅವಳು ಬೈದಿದ್ದರೇ ವಾಸಿಯಿತ್ತು ಅನಿಸಿತು ಅವನಿಗೆ.

ಮರುದಿನ ಎಂಟನೇ ಕ್ಲಾಸಿನ ಲೈಬ್ರರಿ ಪೀರಿಯಡ್ಡು. ಕಬಡ್ಡಿಯಲ್ಲಿ ಮುಟ್ಟಿಸಿಕೊಂಡೂ ಇಲ್ಲವೆಂದವರನ್ನು ಮೈದಾನ ಸುತ್ತಿಸುವ ಮೇಷ್ಟ್ರು ಅವನು. ಗೋಡೆಗಾನಿಕೊಂಡು ನಿಂತು, ಎಲ್ಲರಿಗೂ ಕೇಳುವಂತೆ ತಮಿಳಿನಲ್ಲೇ ಹೇಳಿದ: ನಿನ್ನೆ ಸೆಲ್ವಿ ಒಂದು ಪುಸ್ತಕದ ಬಗ್ಗೆ ಕೇಳಿದಳು, ಅದನ್ನು ನಾನು ಓದಿರಲಿಲ್ಲ, ಓದಿದ್ದೇನೆಂದು ಸುಳ್ಳು ಹೇಳಿದೆ. ಹಿಂದೆ ಯಾರೋ ಕಿಸಕ್ಕೆಂದರು. ಸೆಲ್ವಿ ನಗಲಿಲ್ಲ.

“ಈಗ ಓದಿದ್ರಾ ಸಾರ್?”

“ಓದ್ದೆ.”

“ಬದುಕೈತಾ?”

“ಗೊತ್ತಿಲ್ಲ. ನಮ್ಮಮ್ಮ ಬದುಕೈತೆ ಅಂತಾರೆ.”

ಅವಳ ಮುಖ ಅರಳಿತು. “ಯಾಕಂತೆ?”

ಅವನು ಎಲ್ಲರಿಗಾಗಿ ತಮಿಳಿನಲ್ಲಿ ಹೇಳಿ ಮುಗಿಸುವ ಮೊದಲೇ ಮುಂದಿನ ಸಾಲಿನ ತಮಿಳ್‌ಸೆಲ್ವನ್, ಯಾವ ನಾಯಿ, ಯಾವ ನೀರು ಎಂದು ಎದ್ದು ನಿಂತ. ಗಂಟೆ ಹೊಡೆಯುವಾಗ ಪುಸ್ತಕ ಬೇಕೆಂದು ಆರು ಜನ ಕೈ ಎತ್ತಿದ್ದರು. ಇದ್ದದ್ದು ಒಂದೇ ಪ್ರತಿ.

ಎರಡು ವಾರದಲ್ಲಿ ಐವರು ಓದಿ ಮುಗಿಸಿದರು. ಅವರ ಜಗಳ ಕೇಳಿ ತಮಿಳು ಟೀಚರ್ ಇಂದುಜಾ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಪುಸ್ತಕ ತರಿಸಿಕೊಂಡರು. ನಾಯಿ ಸತ್ತಿದೆ, ಸಿಳ್ಳೆ ಬರೀ ಅಭ್ಯಾಸ ಎಂಬುದು ಅವರ ತೀರ್ಮಾನ. ಓದದೆಯೇ ವಾದಕ್ಕಿಳಿದ ಗಣಿತದ ಅರುಣಾಚಲಂ ಅವರನ್ನು ಮೊದಲು ಓದಿ ಬನ್ನಿ ಎಂದು ಸುಮ್ಮನಾಗಿಸಿದರು. ಓದಿದ ಮೇಲೆ ಅರುಣಾಚಲಂ ದನಿ ಇನ್ನಷ್ಟು ಏರಿತು. ಗಲಾಟೆ ಏನೆಂದು ನೋಡಲು ಬಂದ ಹೆಡ್‌ಮಾಸ್ಟರು, ಶಿಕ್ಷಕರನ್ನು ಗದರಿಸಿ ಪುಸ್ತಕವನ್ನು ತಮ್ಮ ರೂಮಿಗೆ ಒಯ್ದರು.

ಮುಂದಿನ ಪಾಳಿ ತಮಿಳ್‌ಸೆಲ್ವನ್‌ದು. ಅವನು ಅಳುವಂತಾದ. ಪ್ರಭಾಕರ್ ಧೈರ್ಯ ಮಾಡಿ ಪುಸ್ತಕ ಕೇಳಲು ಹೊರಟಾಗ ಸೆಲ್ವಿಯೂ ಹಿಂದೆಯೇ ಬಂದಳು.

ಬಾಗಿಲಲ್ಲಿ ಇಬ್ಬರೂ ನಿಂತುಬಿಟ್ಟರು. ಸುಬ್ಬರಾಯನ್ ಕನ್ನಡಕವನ್ನು ಹಣೆಗೇರಿಸಿ, ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದಿದ್ದರು. ತುಟಿ ಸಣ್ಣಗೆ ಅಲುಗುತ್ತಿತ್ತು. ಟೀ ಮೇಲೆ ಕೆನೆ ಕಟ್ಟಿತ್ತು. ಮೇಜಿನ ಮೇಲಿನ ಫೋನು ಹೊಡೆದುಕೊಂಡು ಸುಮ್ಮನಾಯಿತು.

ಸೆಲ್ವಿ ತುದಿಗಾಲ ಮೇಲೆ ನಿಂತು, ಅವರ ಬಲಗೈಯಲ್ಲಿ ಇನ್ನೆಷ್ಟು ಪುಟ ಉಳಿದಿವೆ ಎಂದು ನೋಡಿದಳು.

“ಇನ್ನೂ ಹೊಳೆಗೆ ನೀರು ಬಂದಿಲ್ಲ ಸಾರ್,” ಎಂದು ಪಿಸುಗುಟ್ಟಿದಳು.

ಒಳಗೆ ಹೆಡ್‌ಮಾಸ್ಟರು ಬೆರಳಿಗೆ ಎಂಜಲು ಹಚ್ಚಿ ಒಂದು ಪುಟ ತಿರುವಿದರು.