ಹಿಡಿ ಕಳಚಲಿಲ್ಲ

ಕಬ್ಬಿಣಕ್ಕೆ ಕಿವಿಯಿದೆ ಎಂದು ಚಿನ್ನನ ಅಪ್ಪ ಹೇಳುತ್ತಿದ್ದ. ಕಾದಿರುವಾಗ ಆಡಿದ ಮಾತನ್ನು ಕುಡಿದುಕೊಂಡು, ತಣಿದ ಮೇಲೆ ಅದನ್ನು ಒಳಗೇ ಇಟ್ಟುಕೊಳ್ಳುತ್ತದಂತೆ. ಅದಕ್ಕೇ ಕೊಡಗಿನ ಬಾಳೆಲೆ ಊರಿನ ಆ ಕುಲುಮೆಯಲ್ಲಿ ಬೆಂಕಿ ಹೊತ್ತಿಸುವ ಮೊದಲು ಇಗ್ಗುತ್ತಪ್ಪನ ಹೆಸರು, ಹೊತ್ತಿಸಿದ ಮೇಲೆ ಮೌನ. ಆದರೆ ತಮ್ಮ ಸೋಮ ಸತ್ತಂದಿನಿಂದ ಚಿನ್ನನ ಬಾಯಿಗೆ ದೇವರ ಹೆಸರಿನ ಬೆನ್ನಿಗೇ ಇನ್ನೊಂದು ಹೆಸರು ಬರುತ್ತಿತ್ತು. ಪೊನ್ನಪ್ಪ. ಒಂದು ಹೆಸರು ಹೂವಿನಂತೆ, ಇನ್ನೊಂದು ಉಗುಳಿನಂತೆ.

ಬಿಳಿ ದೊರೆಗಳು ಕಾಡು ಸವರಿ ಕಾಫಿ ಹಾಕುತ್ತಿದ್ದ ಕಾಲ ಅದು. ಹಂದಿಬೇಟೆಗೆ ಪೊನ್ನಪ್ಪನ ಜೊತೆ ಹೋದ ಸೋಮ ಹೆಣವಾಗಿ ಬಂದ. ಹೊಟ್ಟೆಯನ್ನು ಹಂದಿಯ ಕೋರೆ ಸೀಳಿತ್ತು. ಕೋವಿ ಹೆಗಲಿಗೇರಿಸಿಕೊಂಡೇ ಬಂದ ಪೊನ್ನಪ್ಪ ಊರವರ ಮುಂದೆ ನಿಂತು ಹೇಳಿದ್ದ: "ನಾನೇನು ಮಾಡ್ಲಿ? ಹಂದಿ ಮೈಮೇಲೆ ಬಂತು, ಸೋಮ ಕತ್ತಿ ಬೀಸಿದ. ಹಿಡಿ ಕಳಚಿ ಅಲಗು ಹೊಳೆಗೆ ಹಾರ್‍ತು. ಅಣ್ಣ ಮಾಡಿಕೊಟ್ಟ ಕತ್ತಿ, ನೋಡಿ!"

ಆ ಮಾತು ಊರ ಬಾಯಿಗೆ ಹಲಸಿನ ಹಾಲಿನಂತೆ ಅಂಟಿತು. ಕತ್ತಿ ಕೇಳಿಕೊಂಡು ಬರುವವರು ಬೇರೆ ಕುಲುಮೆಯ ದಾರಿ ಹಿಡಿದರು. ಚಿನ್ನನಿಗೆ ಉಳಿದದ್ದು ಎತ್ತಿನ ಲಾಳ, ನೇಗಿಲ ಗುಳ, ಎಸ್ಟೇಟಿನ ಗುದ್ದಲಿ. ಸಂತೆಯಲ್ಲಿ ಯಾರೋ ಕೂಗುತ್ತಿದ್ದರು: "ಏ ಚಿನ್ನ, ನಿನ್ನ ಗುದ್ದಲಿಗೆ ಹಿಡಿ ನಾವೇ ಹಾಕ್ಕೊಳ್ತೀವಿ, ಆಯ್ತಾ?" ಅವನೂ ನಕ್ಕಂತೆ ಮಾಡುತ್ತಿದ್ದ. ಊರು ದಿನವೂ ಒಂದೇ ಮಾತು ಹೇಳಿದರೆ ಕೈಗೂ ಅನುಮಾನ ಹತ್ತುತ್ತದೆ. ಆ ಹಿಡಿಯನ್ನು ತಾನು ಸರಿಯಾಗಿ ಬಡಿದಿದ್ದೆನೋ ಇಲ್ಲವೋ ಎಂದು ಅನ್ನದ ತುತ್ತು ಕೈಯಲ್ಲೇ ಹಿಡಿದು ಕೂರುತ್ತಿದ್ದ. ಸೋಮನ ಹೆಂಡತಿ ಮುತ್ತಿ ಅದೇ ಕುಲುಮೆಯಲ್ಲಿ ತಿದಿ ಒತ್ತುತ್ತಿದ್ದಳು. ಅವಳು ಒಂದು ದಿನವೂ ಆ ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು.

ಹೀಗಿರುವಾಗ ಸುಗ್ಗಿ ಮುಗಿದ ಮೇಲೊಂದು ಬೆಳಗ್ಗೆ ಪೂವವ್ವ ಬಂದಳು. ಪೊನ್ನಪ್ಪನ ಅಕ್ಕ, ದೂರದ ನಾಡಿಗೆ ಕೊಟ್ಟ ಹೆಣ್ಣು. ಕಂಕುಳಲ್ಲಿ ಹಳೆಯ ವಸ್ತ್ರದ ಗಂಟು.

"ಮಗನ ಮದುವೆ, ಚಿನ್ನ. ಹೆಣ್ಣು ಇದೇ ಊರಿಂದು, ತಕ್ಕರ ಮನೇದು. ಬಾಳೆ ಕಡಿಯೋ ಶಾಸ್ತ್ರ ಮಾಡೋನು ಸೋದರಮಾವ, ನಮ್ಮ ಪೊನ್ನಪ್ಪ. ಅವನ ಒಡಿಕತ್ತಿ ತುಕ್ಕು ತಿಂದಿದೆ. ತವರುಮನೆ ಅಟ್ಟದಲ್ಲಿ ಇದು ಸಿಕ್ತು. ಹಿಡಿ ಇಲ್ಲ. ನಮ್ಮ ಕಾರ್ಯಕ್ಕೆ ಬಂದಾಗ ಕೊಟ್ಟು ಬೆರಗುಗೊಳಿಸ್ಬೇಕು ಅಂತ. ಅವನಿಗೆ ಹೇಳ್ಬೇಡ ಆಯ್ತಾ?"

ಚಿನ್ನ ವಸ್ತ್ರ ಬಿಚ್ಚಿದ. ಅಗಲವಾದ ಅಲಗು, ಮುಂದಕ್ಕೆ ಬಾಗಿ ಹೊಟ್ಟೆ ಉಬ್ಬಿದ್ದು. ಅಲಗಿನ ಬಾಯಿಯ ಇಳಿಜಾರನ್ನು ಒಂದೇ ಮಗ್ಗುಲಿಗೆ ಸಾಣೆ ಹಿಡಿದಿದ್ದರು, ಅದೂ ಎಲ್ಲರ ಕತ್ತಿಗೂ ಉಲ್ಟಾ ಮಗ್ಗುಲು. ಅದು ಎಡಗೈಯವನ ಕತ್ತಿ. ಆ ಸೀಮೆಯಲ್ಲಿ ಅವನು ಎಡಗೈಯವನಿಗೆಂದು ಒಂದೇ ಒಂದು ಕತ್ತಿ ಬಡಿದಿದ್ದ.

ಅವನು ಅಲಗನ್ನು ತಿರುಗಿಸಿ ಹಿಡಿಯೊಳಗೆ ಹೋಗುವ ಬಾಲವನ್ನು ನೋಡಿದ. ಬಾಲವನ್ನು ಹಿಡಿಯ ತುದಿಯಾಚೆಗೆ ತೂರಿಸಿ, ತಣ್ಣಗೇ ಬಡಿದು ಮೊಳೆಯ ತಲೆಯಂತೆ ಹರಡಿಸುವುದು ಅವನ ಮನೆತನದ ಕೆಲಸ. ಆ ತಲೆ ಇರುವತನಕ ಹಿಡಿ ಕಳಚದು. ಈಗ ಅಲ್ಲಿ ತಲೆಯಿರಲಿಲ್ಲ. ಇದ್ದ ಜಾಗದಲ್ಲಿ ಅರದ ಗೀರುಗಳು ಸಾಲಾಗಿ ಕೂತಿದ್ದವು. ಯಾರೋ ಬಿಡುವಾಗಿ ಕೂತು ಉಜ್ಜಿ, ಗಟ್ಟಿಯಾಗಿದ್ದ ಹಿಡಿಯನ್ನು ಬಿಡಿಸಿದ್ದರು.

ಹೊಳೆಗೆ ಬಿದ್ದ ಅಲಗು ಅಟ್ಟದಲ್ಲಿತ್ತು.

ಚಿನ್ನನಿಗೆ ಎಲ್ಲವೂ ಒಂದೇ ಏಟಿಗೆ ತಿಳಿಯಿತು. ಪೊನ್ನಪ್ಪ ಓಡಿದ್ದ. ಹಿಡಿ ಗಟ್ಟಿಯಿದ್ದ ಕತ್ತಿ ಯಾರ ಕಣ್ಣಿಗಾದರೂ ಬಿದ್ದರೆ ಸುಳ್ಳು ನಿಲ್ಲದು, ಅದಕ್ಕೇ ಕದ್ದೊಯ್ದು ಹಿಡಿ ಬಿಡಿಸಿದ. ಆದರೆ ಹೊಳೆಗೆ ಎಸೆಯಲು ಮಾತ್ರ ಕೈ ಬರಲಿಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಕೈಮುಗಿದ ಆಯುಧವನ್ನು ನೀರಿಗೆಸೆಯುವ ಕೊಡವ ಉಂಟೇ? ಮನುಷ್ಯನನ್ನು ಬಿಟ್ಟು ಓಡಲು ಹೆದರದವನು ಕತ್ತಿಯ ಶಾಪಕ್ಕೆ ಹೆದರಿದ.

"ಏನಪ್ಪ, ಬಾಯಿ ಬಿದ್ದೋಯ್ತಾ?" ಎಂದಳು ಪೂವವ್ವ. "ಹಿಡಿಗೆ ಆನೆದಂತ ತಂದಿದ್ದೀನಿ. ಬೆಳ್ಳಿ ಕಟ್ಟು ಹಾಕ್ಸು."

"ಆಗ್ಲಿ ಅವ್ವಾ," ಎಂದ ಚಿನ್ನ. ಸ್ವರ ಅಲುಗಲಿಲ್ಲ. "ಮದುವೆ ದಿನ ನಾನೇ ತಂದು ಕೊಡ್ತೀನಿ."

ಅವಳು ಹೋದದ್ದೇ ಅವನು ದಂತವನ್ನು ಅಂಗೈಯಲ್ಲಿ ತೂಗಿದ. ಅಪ್ಪ ಕಲಿಸಿದ ಪಾಠವಿತ್ತು. ಕತ್ತಿಯನ್ನು ತೋರುಬೆರಳ ಮೇಲೆ ಅಡ್ಡ ಮಲಗಿಸಿದರೆ ಎಲ್ಲಿ ಅತ್ತಿತ್ತ ವಾಲದೆ ನಿಲ್ಲುತ್ತದೋ ಅದು ಕತ್ತಿಯ ಉಸಿರು. ದಂತದಂಥ ತೂಕದ ಹಿಡಿ ಹಾಕಿದರೆ ಉಸಿರು ಮುಷ್ಟಿಯ ಕಡೆ ಸರಿದು ಅಲಗು ಸೋಮಾರಿಯಾಗುತ್ತದೆ. ಹಗುರ ಮರ ಹಾಕಿದರೆ, ಇಷ್ಟು ಅಗಲದ ಅಲಗು ಹುಚ್ಚುಕುದುರೆಯಂತೆ ಮುಂದಕ್ಕೆ ಎಳೆಯುತ್ತದೆ, ಮಣಿಕಟ್ಟು ತಡೆಯದು. ದಂತವನ್ನು ಒಳಗಿಂದ ಟೊಳ್ಳು ಕೊರೆದು, ಬಾಲವನ್ನು ಗಿಡ್ಡ ಕತ್ತರಿಸಿ ಬರೀ ಅರಗಿನಲ್ಲಿ ಕೂರಿಸಿದರೆ? ನೋಟಕ್ಕೆ ರಾಜನ ಕತ್ತಿ. ಬೀಸಿದಾಗ ಅಲಗು ಮುಂದಕ್ಕೆ ಜಗ್ಗುತ್ತದೆ, ಅಂಗೈ ಬಿಸಿಗೆ ಅರಗು ಮೆತ್ತಗಾಗುತ್ತದೆ, ಹಿಡಿ ಕಳಚುತ್ತದೆ.

"ಅವನ ಸುಳ್ಳನ್ನೇ ನಿಜ ಮಾಡಿ ಅವನ ಕೈಗೆ ಕೊಡ್ತೀನಿ ಮುತ್ತಿ," ಎಂದ. ಅಲಗು ಯಾರದೆಂದು ಹೇಳಿ, ಅರದ ಗೀರು ತೋರಿಸಿದ. "ಕಾಲೇ ಹೋಗ್ಲಿ. ತೊಡೆ ನರಾನೇ ಹರೀಲಿ."

ಮುತ್ತಿ ಗೀರಿನ ಮೇಲೆ ಬೆರಳಾಡಿಸಿದಳು. ಅಳಲಿಲ್ಲ. ತಿದಿಯ ಹಿಡಿಕೆ ಬಿಟ್ಟು ಎದ್ದು ನಿಂತಳು.

"ಬಾವ, ನಿಮಗೆ ಬುದ್ಧಿ ನೆಟ್ಟಗಿದೆಯಾ? ಹಿಡಿ ಕಳಚಿದ್ರೆ ಊರೇನು ಹೇಳುತ್ತೆ? 'ನೋಡಿದ್ರಾ, ಚಿನ್ನನ ಕತ್ತಿ ಅವತ್ತೂ ಕಳಚಿತ್ತು, ಇವತ್ತೂ ಕಳಚ್ತು' ಅನ್ನುತ್ತೆ. ಅವನು ಕುಂಟ್ಕೊಂಡು ಸತ್ಯವಂತ ಆಗ್ತಾನೆ. ನನ್ನ ಗಂಡ ನಿಮ್ಮ ಕೈಯಿಂದ ಇನ್ನೊಂದ್ಸಲ ಸಾಯ್ಬೇಕಾ?"

ಚಿನ್ನ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಕೂತುಬಿಟ್ಟ. ಅಡಿಗಲ್ಲಿನ ಮೇಲೆ ಕೂರುವುದು ಅಪಚಾರವೆಂದು ಹೊಳೆದದ್ದು ಆಮೇಲೆ. ಎದ್ದು, ಮುಟ್ಟಿ ಕಣ್ಣಿಗೊತ್ತಿಕೊಂಡ. ಬಹಳ ದಿನಗಳ ಮೇಲೆ ಅವನ ಬಾಯಿಗೆ ದೇವರ ಹೆಸರೊಂದೇ ಬಂತು. ಸಿಟ್ಟು ತಣಿದಿರಲಿಲ್ಲ. ಹದಕ್ಕೆ ಬಂದಿತ್ತು.

ಕುಲುಮೆಯ ಅಟ್ಟದ ಮೇಲೆ ಕಾಟಿಯ, ಅಂದರೆ ಕಾಡುಕೋಣದ, ಕೊಂಬೊಂದಿತ್ತು. ಅದರ ಜೋಡಿಯಲ್ಲೇ ಅವನು ಸೋಮನ ಕತ್ತಿಗೆ ಹಿಡಿ ಮಾಡಿದ್ದ. ದಂತದಷ್ಟು ಭಾರವಲ್ಲ, ಮರದಷ್ಟು ಹಗುರವೂ ಅಲ್ಲ. ಆ ಅಗಲದ ಅಲಗಿಗೆ ಹೇಳಿ ಮಾಡಿಸಿದ ತೂಕ. ಎಡಗೈ ಬೆರಳು ಕೂರುವಂತೆ ಅದೇ ತಗ್ಗು, ಅದೇ ಉಬ್ಬು ಕೆತ್ತಿದ. ಅರ ತಿಂದಷ್ಟು ಬಾಲ ಗಿಡ್ಡವಾಗಿತ್ತು, ಕೊಂಬನ್ನೂ ಅಷ್ಟೇ ಗಿಡ್ಡ ಮಾಡಿದ. ತುದಿಯನ್ನು ಬಡಿದು ಹರಡಿಸುವಾಗ ಮುತ್ತಿ ಒಂದೊಂದು ಏಟಿಗೂ "ಹ್ಞಾಂ" ಎನ್ನುತ್ತಿದ್ದಳು. ಮುಗಿದ ಮೇಲೆ ಬೆರಳ ಮೇಲೆ ಮಲಗಿಸಿದ. ಉಸಿರು ಹಿಡಿಯಿಂದ ನಾಲ್ಕು ಬೆರಳಾಚೆ, ಅವತ್ತು ಇದ್ದಲ್ಲೇ, ನಿಂತಿತ್ತು.

ಮದುವೆಯ ದಿನ ಹೆಣ್ಣಿನ ಮನೆಯಂಗಳದಲ್ಲಿ ಮೂರು ಬಾಳೆದಿಂಡು ನೆಟ್ಟು ನೆತ್ತಿಗೆ ಹೂವಿಟ್ಟಿದ್ದರು. ಗಂಡಿನ ದಿಬ್ಬಣದ ಸೋದರಮಾವ ಒಂದೊಂದನ್ನೂ ಒಂದೇ ಏಟಿಗೆ ಕಡಿದು ಒಳಗೆ ಬರಬೇಕು. ಓಲಗ ನಿಂತಿತು. ಚಿನ್ನ ದಂತವನ್ನು ಪೂವವ್ವನ ಕೈಗೆ ಮರಳಿಸಿ, ವಸ್ತ್ರದ ಗಂಟನ್ನೂ ಕೊಟ್ಟ. "ದಂತ ಈ ಅಲಗಿಗೆ ಒಗ್ಗಲ್ಲ ಅವ್ವಾ. ಅದರದ್ದೇ ಹಿಡಿ ಹಾಕಿದ್ದೀನಿ."

ಅವಳು ನಗುನಗುತ್ತ ಎಲ್ಲರೆದುರು ಗಂಟು ಬಿಚ್ಚಿ ತಮ್ಮನ ಕೈಗಿಟ್ಟಳು.

ಪೊನ್ನಪ್ಪನ ಮುಖ ಬಾಳೆದಿಂಡಿನಂತೆ ಬೆಳ್ಳಗಾಯಿತು. ತಾನೇ ಅರದಲ್ಲಿ ಉಜ್ಜಿ ಬಿಡಿಸಿ, ಒಲೆಗೆ ಹಾಕಿ ಸುಟ್ಟ ಹಿಡಿ ಮತ್ತೆ ಕೈಗೆ ಬಂದಿತ್ತು.

"ಏನು ಮಾವ, ಬಾಳೆಗೆ ಕೋವಿ ಬೇಕಾ?" ಎಂದು ಹೆಣ್ಣಿನ ಕಡೆಯವನೊಬ್ಬ ಕಿಚಾಯಿಸಿದ. ನಗು ಎದ್ದಿತು. ಹಿಂದೆ ಸರಿಯುವಂತಿರಲಿಲ್ಲ. ಪೊನ್ನಪ್ಪ ಬಲಗೈಯಲ್ಲಿ ಬೀಸಿದ. ಎಡಗೈಯ ತಗ್ಗು ಬಲಗೈಗೆ ಒಗ್ಗದೆ ಹಿಡಿ ಹೊರಳಿತು, ಕತ್ತಿಯ ಬಾಯಿ ಓರೆಗೆ ಓಡಿತು. ಅಲಗು ಅಡ್ಡಡ್ಡ ಬಡಿದು ದಿಂಡಿನ ಸಿಪ್ಪೆ ಸುಲಿಯಿತಷ್ಟೆ. ನೆತ್ತಿಯ ಹೂವು ಅಲ್ಲೇ ಕೂತಿತ್ತು.

ಹೆಣ್ಣಿನ ಅಜ್ಜ, ಊರಿಗೆ ನ್ಯಾಯ ಹೇಳುವ ತಕ್ಕ ದೇರಪ್ಪ ಎದ್ದು ಬಂದು ಕತ್ತಿ ತೆಗೆದುಕೊಂಡರು. ಬಲಗೈಯಲ್ಲಿ ಹಿಡಿದರು, ಎಡಗೈಗೆ ಬದಲಿಸಿದರು. "ಇದು ಎಡಗೈ ಕತ್ತಿ," ಎಂದರು ಮೆಲ್ಲಗೆ. "ನಮ್ಮೂರಲ್ಲಿ ಎಡಗೈಲಿ ಕತ್ತಿ ಹಿಡೀತಿದ್ದೋನು ಸೋಮ ಒಬ್ಬನೇ. ಎಲ್ಲಿತ್ತು ಇದು?"

"ಎಲ್ಲಿ ಅಂದ್ರೆ? ನಮ್ಮ ಪೊನ್ನಪ್ಪನ ಅಟ್ಟದಲ್ಲಿ," ಎಂದಳು ಪೂವವ್ವ, ಇನ್ನೂ ಏನೂ ಅರಿಯದೆ.

ಚಿನ್ನ ಪೊನ್ನಪ್ಪನ ಮುಂದೆ ಬಂದ.

"ಹೊಳೆಗೆ ಬಿದ್ದ ಅಲಗು ಅಟ್ಟ ಹತ್ತಿದ್ದು ಹೇಗೆ, ಸಾಮಿ? ಬಾಲದ ತುದಿಗೆ ಅರ ಉಜ್ಜಿದ್ದು ಹಂದಿಯಾ?"

ಪೊನ್ನಪ್ಪ ಅಕ್ಕನ ಮುಖ ನೋಡಿದ, ತಕ್ಕರ ಮುಖ ನೋಡಿದ. ಕೊನೆಗೆ ದಿಂಡಿನ ಮೇಲಿನ ಹೂವನ್ನು ನೋಡುತ್ತ, "ಹೆದರ್‍ಬಿಟ್ಟೆ," ಎಂದ. "ಮರ ಹತ್ತಿದೆ."

ಬಾಳೆಯನ್ನು ಗಂಡಿನ ಚಿಕ್ಕಪ್ಪ ಬೇರೆ ಕತ್ತಿಯಲ್ಲಿ ಕಡಿದ. ಮದುವೆ ನಿಲ್ಲಲಿಲ್ಲ, ಮಕ್ಕಳದ್ದೇನು ತಪ್ಪು? ಊಟವಾದ ಮೇಲೆ ತಕ್ಕರು ತೀರ್ಪು ಹೇಳಿದರು. ಸೋಮನ ಕತ್ತಿ ಕುಲುಮೆಯಲ್ಲಿರಲಿ. ಪ್ರತಿ ಕೈಲ್ ಪೊಳ್ದಿಗೆ ಪೊನ್ನಪ್ಪ ಅಲ್ಲಿಗೆ ಹೋಗಿ, ಅದಕ್ಕೆ ಹೂವಿಟ್ಟು, ಊರವರ ಮುಂದೆ ನಿಜ ಹೇಳಲಿ.

ಈಗ ವರ್ಷಕ್ಕೊಮ್ಮೆ, ಗದ್ದೆಯ ನಾಟಿ ಮುಗಿದು ಹಬ್ಬ ಬಂದಾಗ, ಕುಲುಮೆಯ ಮುಂದೆ ಜನ ಸೇರುತ್ತಾರೆ. ಕತ್ತಿ ಮಾಡಿಸಲು ಬಂದವರೂ ಇರುತ್ತಾರೆ, ಈಗೀಗ ಅವರೇ ಹೆಚ್ಚು. ಪೊನ್ನಪ್ಪ ತಲೆವಸ್ತ್ರ ತೆಗೆದು ಬಗ್ಗುತ್ತಾನೆ. ಕೂದಲು ನರೆಯುತ್ತಿದೆ, ಸ್ವರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. "ಹಿಡಿ ಕಳಚಲಿಲ್ಲ. ನಾನು ಓಡಿದೆ."

ಸಾಕು ಬಿಡೋ, ದೇವರು ಮೆಚ್ಚಲ್ಲ ಎಂದು ಹಿರಿಯರು ಚಿನ್ನನಿಗೆ ಹೇಳುವುದುಂಟು. ಅವನಿಗೂ ಅದು ಗೊತ್ತು. ಬೆಳಗ್ಗೆಯೇ ಇಗ್ಗುತ್ತಪ್ಪನ ಮುಂದೆ ದೀಪ ಹಚ್ಚಿ, ಈ ಸಲವಾದರೂ ನನ್ನ ಮನಸ್ಸು ಕರಗಿಸು ಸ್ವಾಮಿ ಎಂದು ನಿಜವಾಗಿಯೇ ಬೇಡಿಕೊಂಡಿರುತ್ತಾನೆ. ಆಮೇಲೆ ತಿದಿಯ ಹತ್ತಿರ ನಿಂತ ಮುತ್ತಿಯತ್ತ ಒಮ್ಮೆ ನೋಡುತ್ತಾನೆ. ಕಿವಿಗೆ ಅಂಗೈ ಆನಿಸಿ, ಬಹಳ ವಿನಯದಿಂದ ಹೇಳುತ್ತಾನೆ:

"ಕೇಳಿಸ್ಲಿಲ್ಲ ಸಾಮಿ. ಇನ್ನೊಂದ್ಸಲ."