ದಾರೀಲಿ ಏನ್ ನೋಡ್ದೆ?

ಕೋವಿಯ ಬೋಲ್ಟನ್ನು ಹಿಂದಕ್ಕೆಳೆದು, ಒಳಗೆ ಗುಂಡಿದೆಯೇ ಎಂದು ಮಗಳು ಬೆರಳಿಟ್ಟು ನೋಡಿದಳು. ಇರಲಿಲ್ಲ. ಮರುಕ್ಷಣವೇ, ನೋಡಿದೆನೋ ಇಲ್ಲವೋ ಎಂಬ ಅನುಮಾನ. ಮತ್ತೆ ಬೆರಳಿಟ್ಟಳು.

ಶೂಟಿಂಗ್ ರೇಂಜಿನ ಗೇಟಿನೊಳಗೆ ವ್ಯಾನು ನಿಂತಿತ್ತು. ಅದರಲ್ಲಿ ಅಪ್ಪನ ಶವ. ಊರಿಗೆಲ್ಲ ಅವರು ಮೇಷ್ಟ್ರು. ಅರ್ಧ ಆಯುಷ್ಯ ಇಲ್ಲೇ ಗುರಿ ಕಲಿಸುತ್ತ ಸವೆಸಿದವರು. ಈಗ ಆ ಕೆಲಸ ಮಗಳದು.

"ಬೇಗ ಮಗಳೇ, ಸುಡುಗಾಡಲ್ಲಿ ಕಾಯ್ತಿದಾರೆ," ಎಂದರು ಚಿಕ್ಕಪ್ಪ. "ಮಣ್ಣಿನ ದಿಬ್ಬಕ್ಕೆ ಮೂರೇ ಗುಂಡು ತಾನೆ? ನಮ್ಮಣ್ಣ ಆ ಸದ್ದು ಕೇಳ್ಕೊಂಡು ಹೋಗ್ಲಿ."

"ನಂಗೂ ಅದೇ ಆಸೆ ಚಿಕ್ಕಪ್ಪ. ಅವತ್ತು ನಾನೇ ಅವರನ್ನ ಈ ಗೇಟಿಂದ ವಾಪಸ್ ಕಳಿಸಿಬಿಟ್ನಲ್ಲ."

*

ಆಗ ಕಲಿಯಲು ಬಂದವರಿಗೆಲ್ಲ ಗೇಟಿನಲ್ಲಿ ಮೇಷ್ಟ್ರದು ಒಂದೇ ಪ್ರಶ್ನೆ: "ದಾರೀಲಿ ಏನ್ ನೋಡ್ದೆ?" ಪಂಕ್ಚರಾದ ಸೈಕಲ್ಲೋ, ಕಿತ್ತಾಡುವ ನಾಯಿಗಳೋ, ಥಟ್ಟನೆ ಹೇಳಬೇಕು. ತಡವರಿಸಿದರೆ ಮುಗಿಯಿತು.

"ಮನಸ್ಸು ಮನೇಲೇ ಬಿಟ್ಟು ಬಂದಿದೀಯ. ಹೋಗಿ ಕರ್ಕೊಂಡು ಬಾ. ಕೋವಿಗೆ ನಿನ್ನ ಕಷ್ಟಸುಖ ಗೊತ್ತಾಗಲ್ಲ."

ದೊಡ್ಡ ದೊಡ್ಡ ಅಧಿಕಾರಿಗಳೂ ಗೊಣಗುತ್ತ ವಾಪಸ್ಸಾಗಿದ್ದರು. ಮದುವೆ ಮುರಿದು ಬಂದ ವಾರ ಮಗಳನ್ನೂ ಒಳಗೆ ಬಿಡಲಿಲ್ಲ, ಪುಣ್ಯಾತ್ಮ.

ಕಡೆಗೆ ಮರೆವು ಅವರಿಗೇ ಅಂಟಿಕೊಂಡಿತು. ಗುಂಡು ತುಂಬಿದ ಕೋವಿಯನ್ನು ಬೆಂಚಿನ ಮೇಲೆ ಬಿಟ್ಟು ಟೀ ಕುಡಿಯಲು ಹೋಗಿಬಿಟ್ಟರು. ಮರುದಿನ ಗೇಟಿಗೆ ಅಡ್ಡ ನಿಂತವಳು ಮಗಳು.

"ಅಪ್ಪಾ, ದಾರೀಲಿ ಏನ್ ನೋಡಿದ್ರಿ?"

ಮೇಷ್ಟ್ರು ನಕ್ಕರು. ಆಮೇಲೆ ಹಿಂದಿರುಗಿ ರಸ್ತೆಯನ್ನೇ ನೋಡಿದರು, ಏನೋ ಬೀಳಿಸಿಕೊಂಡು ಬಂದವರಂತೆ.

"ನೀನೇ ಹೇಳಮ್ಮ," ಎಂದರು.

ಆದರೂ ಅವಳು ಗೇಟು ತೆರೆಯಲಿಲ್ಲ. ಮತ್ತೆಂದೂ ಅವರು ಒಳಗೆ ಕಾಲಿಡಲಿಲ್ಲ.

*

ಗುಂಡು ಹಾರಿಸಲು ಅವಳ ಜೊತೆ ನಿಂತವರು ಮೇಷ್ಟ್ರ ಇಬ್ಬರು ಶಿಷ್ಯರು, ಬಸ್ ಡ್ರೈವರ್ ಮತ್ತು ಟೈಲರಮ್ಮ. ಇಬ್ಬರ ಕಣ್ಣೂ ಊದಿದ್ದವು.

"ದಾರೀಲಿ ಏನ್ ನೋಡಿದ್ರಿ?" ಅವಳ ಬಾಯಿಂದ ತಾನಾಗಿ ಬಂತು.

ಡ್ರೈವರ್ ತಲೆ ಅಲ್ಲಾಡಿಸಿದ. "ವ್ಯಾನಿನ ಹಿಂದೇನೇ ಬಂದೆ ಅಕ್ಕ. ಬೇರೇನೂ... ಗೊತ್ತಿಲ್ಲ."

ಟೈಲರಮ್ಮ ಮೂಗು ಒರೆಸಿಕೊಂಡಳು. "ನಂಗೂ ಅಷ್ಟೇ. ನೀವೇನ್ ನೋಡಿದ್ರಿ?"

ಮಗಳು ನೆನಪಿಸಿಕೊಳ್ಳಲು ಹೆಣಗಿದಳು. ಆಸ್ಪತ್ರೆಯಿಂದ ಅಪ್ಪನ ಪಕ್ಕದಲ್ಲೇ ಕೂತು ಬಂದಿದ್ದಳು. ಒಂದು ಮರ? ಒಂದು ಅಂಗಡಿ? ಊಹೂಂ.

ಕೋವಿಯನ್ನು ಬೆಂಚಿನ ಮೇಲಿಟ್ಟಳು.

"ಇವತ್ತೊಂದಿನ ಬಿಡೇ ಆ ಕಾನೂನ್ನ!" ಚಿಕ್ಕಪ್ಪ ಅಳುತ್ತಲೇ ಗದರಿದರು. "ಯಾರು ಬಂದು ಕೇಳ್ತಾರೆ ಈಗ?"

"ನನ್ ಕೈಲಿ ಆಗಲ್ಲ ಚಿಕ್ಕಪ್ಪ. ಆಗಲ್ಲ."

ಉಳಿದಿಬ್ಬರೂ ತಮ್ಮ ಕೋವಿಗಳನ್ನು ಇಟ್ಟರು. ಮೂರೂ ಬೋಲ್ಟ್ ತೆರೆದುಕೊಂಡು ದಿಬ್ಬದ ಕಡೆ ಮುಖಮಾಡಿ ಬಿದ್ದಿದ್ದವು.

ವ್ಯಾನು ಗುಂಡಿನ ಸದ್ದಿಲ್ಲದೆ ಗೇಟು ದಾಟಿತು. ಇನ್ನು ಮುಂದಿನ ದಾರಿಯನ್ನಾದರೂ ಅಪ್ಪನಿಗೆ ಹೇಳಬೇಕೆಂದು, ಅವರ ತಣ್ಣನೆಯ ಕೈ ಹಿಡಿದು, ಮಗಳು ಕಿಟಕಿಗೆ ಮುಖ ಒತ್ತಿ ಕೂತಳು.

"ಅಪ್ಪಾ, ಅಲ್ಲಿ..." ಎಂದಳು. ಕಣ್ಣು ತುಂಬಿಕೊಂಡಿತ್ತು. ರಸ್ತೆ ಕಾಣಲೇ ಇಲ್ಲ.