ತೊಟ್ಟಿಯಿಂದ ಕೂಸನ್ನೆತ್ತಿದ ರಾವುತ

ಮಬೀಲಾಳಿಗೆ ಎದೆಹಾಲು ಕೊಟ್ಟು ಸಾಕಿದವಳು ನಾನು, ಪೆರೊನೆಲ್ಲಾ. ಅವಳು ಮದುವೆಯಾಗಿ ಈ ಕೋಟೆಗೆ ಬಂದಾಗ ಪೆಟ್ಟಿಗೆ, ಹಾಸಿಗೆ, ಬೇಟೆನಾಯಿಗಳ ಜೊತೆ ನನ್ನನ್ನೂ ಕಳಿಸಿಕೊಟ್ಟರು. ನಾಯಿಗಳು ಸತ್ತವು, ಹಾಸಿಗೆಯನ್ನು ಇಲಿಗಳು ತಿಂದವು, ನಾನು ಇದ್ದೇನೆ. ಆದ್ದರಿಂದ ಅವಳ ವಿಷಯ ಹೇಳುವ ಹಕ್ಕು ನನಗಿದೆ. ಇಲ್ಲ ಅನ್ನುವವರು ಅಡುಗೆಮನೆಗೆ ಬಂದು ನನ್ನ ಮುಖಕ್ಕೇ ಹೇಳಲಿ.

ಅವಳ ಗಂಡ ಅರ್ಶಾಂಬೊ ಒಡೆಯರು. ಮದುವೆಯ ದಿನವೇ ಅವರಿಗೆ ಮಾವನಿಗಿಂತ ಹೆಚ್ಚು ವಯಸ್ಸಾಗಿತ್ತು. ಕೆಟ್ಟವರೇನಲ್ಲ. ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಊಟಕ್ಕೆ ಕೂತರೆ ಹಂದಿಮಾಂಸಕ್ಕೂ ಹಣ್ಣಿಗೂ ನಡುವೆ ಒಂದು ನಿದ್ದೆ ತೆಗೆಯುತ್ತಿದ್ದರು. ಅವರಿಗೆ ಕಿವಿ ಕೇಳಿಸುವುದಿಲ್ಲ, ತಲೆಯೂ ಅಷ್ಟಕ್ಕಷ್ಟೆ ಎಂದು ಕೋಟೆಯವರೆಲ್ಲ ನಂಬಿದ್ದರು. ನಾನೂ ನಂಬಿದ್ದೆ.

ಅವರ ಕೈಕೆಳಗೆ ಗೊಸೆಲ್ಮ ಎಂಬ ರಾವುತನಿದ್ದ. ಒಳ್ಳೆಯ ಮನೆತನ, ಕೈಯಲ್ಲಿ ಬಿಡಿಗಾಸಿಲ್ಲ. ಅವನಿಗೂ ಅವನ ಅಣ್ಣನಿಗೂ ಸೇರಿ ಇದ್ದದ್ದು ಒಂದೇ ಕವಚ. ಅಣ್ಣ ಯುದ್ಧಕ್ಕೆ ಹೋದಾಗ ಇವನು ಶಾಂತಿಪ್ರಿಯನಾಗಿರುತ್ತಿದ್ದ. ಕುದುರೆಗೆ ಒಂದೇ ಕಣ್ಣು. ಅದು ಬಲಕ್ಕೆ ತಿರುಗುತ್ತಿರಲಿಲ್ಲವಾದ್ದರಿಂದ ಶತ್ರುಗಳು ಎಡಗಡೆಯಿಂದ ಬಂದರೆ ಮಾತ್ರ ಇವನು ಶೂರ.

ಇಂಥವನ ಮೇಲೆ ಮಬೀಲಾಳಿಗೆ ಮನಸ್ಸಾಯಿತು. ಚಳಿಗಾಲದಲ್ಲಿ ಅವಳು ಕೋಟೆಗೋಡೆಯ ಮೇಲೆ ತಿರುಗಾಡುತ್ತಿದ್ದಳು, ಅವನು ಅಲ್ಲಿ ಕಾವಲಿಗಿದ್ದ. ಅವಳು "ಚಳಿ" ಅಂದಳು. ಅವನು "ಹೌದು" ಅಂದ. ಮರುದಿನವೂ ಅದೇ ಮಾತು. ಬೇಸಿಗೆ ಬಂದು ಕಲ್ಲು ಕಾದು ಕಾಲು ಸುಡುವಾಗಲೂ ಅವಳು "ಚಳಿ" ಅಂದಳು, ಅವನು "ಹೌದು" ಅಂದ. ಆಗ ನನಗೆ ವಿಷಯ ಅರ್ಥವಾಯಿತು. ಅದಕ್ಕಿಂತ ಮುಂದೆ ಏನೂ ನಡೆಯಲಿಲ್ಲ. ಬೇಕಾದರೆ ಆಣೆ ಮಾಡುತ್ತೇನೆ, ಯಾಕೆಂದರೆ ಅವಳು ಹೋದಲ್ಲೆಲ್ಲ ನನ್ನ ಮಂಡಿನೋವನ್ನು ಹೊತ್ತುಕೊಂಡು ನಾನೂ ಹೋಗುತ್ತಿದ್ದೆ.

ಒಂದು ದಿನ ತಲೆ ಬಾಚಿಸಿಕೊಳ್ಳುತ್ತಾ ಅವಳೇ ಬಾಯಿಬಿಟ್ಟಳು. "ದಾದಿ, ಅವ್ರು ಸಾಯ್ಲಿ ಅಂತ ನಾನು ಯಾವತ್ತೂ ಬೇಡ್ಕೊಂಡಿಲ್ಲ. ಅವ್ರು ಹೋದ್ಮೇಲೆ ಗೊಸೆಲ್ಮನ್ನ ಮದುವೆ ಆಗ್ಬೋದು ಅಂತ ಯೋಚ್ನೆ ಮಾಡಿದೀನಿ, ಅಷ್ಟೆ."

"ಎರಡಕ್ಕೂ ಏನೇ ವ್ಯತ್ಯಾಸ?"

"ಒಂದು ಪಾಪ. ಇನ್ನೊಂದು ಮುಂದಾಲೋಚನೆ."

ಅಷ್ಟರಲ್ಲಿ ಅವಳಿಗೆ ಗಂಡುಮಗು ಹುಟ್ಟಿತು. ಎಬ್ಲೆ ಎಂದು ಹೆಸರಿಡುವುದೆಂದು ಆಯಿತು. ಮೂಗು ಒಡೆಯರದೇ ಅಚ್ಚು, ಪಾಪ. ಆದರೂ ಬಟ್ಟೆ ಒಗೆಯುವ ಹೆಂಗಸರ ಬಾಯಿ ಮುಚ್ಚಿಸುವವರು ಯಾರು? ಗೋಡೆಯ ಮೇಲಿನ ಚಳಿಯ ಮಾತು ಹೊಳೆದಂಡೆಯವರೆಗೆ ಹೋಯಿತು. ಗೊಸೆಲ್ಮನನ್ನು ಗಡಿಯ ಬುರುಜಿಗೆ ಕಳಿಸುತ್ತಾರೆಂಬ ಸುದ್ದಿ ಹುಟ್ಟಿತು. ಆ ಬುರುಜಿಗೆ ಹೋದವರು ವಾಪಸ್ಸು ಬಂದದ್ದನ್ನು ನಾನಂತೂ ನೋಡಿಲ್ಲ.

ಮಬೀಲಾ ಬಾಣಂತಿ ಹಾಸಿಗೆಯಲ್ಲಿ ಎದ್ದು ಕೂತಳು. "ದಾದಿ, ಅವ್ನನ್ನ ಕೂಸಿಗೆ ಜ್ಞಾನತಂದೆ ಮಾಡ್ಬಿಟ್ರೆ?"

ಕೇಳಿದ ಕೂಡಲೇ ನಾನು ಭೇಷ್ ಅಂದೆ. ಜ್ಞಾನಸ್ನಾನದ ದಿನ, ಪಾದ್ರಿ ನೀರೆರೆದು ಹೆಸರಿಟ್ಟ ಮೇಲೆ, ತೊಟ್ಟಿಯ ನೀರಿನಿಂದ ಕೂಸನ್ನು ಎತ್ತಿಕೊಂಡವನೇ ಜ್ಞಾನತಂದೆ, ಅವನು ಮನೆಯವನಾಗುತ್ತಾನೆ. ಅವನನ್ನು ಗಡಿಗೆ ಅಟ್ಟುವ ಹಾಗಿಲ್ಲ. ಊಟಕ್ಕೆ ತಾಯಿಯ ಪಕ್ಕದಲ್ಲಿ ಕೂರಿಸಬೇಕು. ಅವನು ಹಗಲಲ್ಲಿ ಯಾವಾಗ ಬಂದರೂ ಯಾವಾಗ ಹೋದರೂ ಯಾರೂ ಕಮಕ್ ಕಿಮಕ್ ಅನ್ನುವಂತಿಲ್ಲ.

ಅವಳು ಅಂದೇ ಗಂಡನನ್ನು ಕೇಳಿದಳು. ಒಡೆಯರು ಊಟದ ನಡುವಿನ ನಿದ್ದೆಯಿಂದ ಒಂದು ಕಣ್ಣು ತೆರೆದರು.

"ಯಾರನ್ನ ಅಂದೆ?"

"ಗೊಸೆಲ್ಮನ್ನ."

"ಇದು ನೀನೇ ಯೋಚ್ನೆ ಮಾಡಿದ್ದಾ?"

"ನಾನೇ."

"ಒಳ್ಳೇ ಯೋಚ್ನೆ. ಬೇಗ ಮುಗಿಸಿ, ಕೂಸು ಕೆಮ್ತಾ ಇದೆ." ಇಷ್ಟು ಹೇಳಿ ಇನ್ನೊಂದು ತುಂಡು ಮಾಂಸ ಹಾಕಿಸಿಕೊಂಡರು. ಹೆಂಡತಿಯ ಜೊತೆ ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪಾದ್ರಿ ಇತಿಯೇ ಸ್ವಾಮಿಗಳು ನೀರೆರೆದರು. ಗೊಸೆಲ್ಮ ಕೂಸನ್ನು ತೊಟ್ಟಿಯಿಂದ ಎತ್ತಿಕೊಂಡ. ಬಿಸಿ ರೊಟ್ಟಿ ಹಿಡಿದವನ ಹಾಗೆ ಹಿಡಿದುಕೊಂಡಿದ್ದ. ಕೂಸು ಅವನ ಒಂದೇ ಒಂದು ಒಳ್ಳೆಯ ಅಂಗಿಯ ಮೇಲೆ ಮಾಡಬೇಕಾದ್ದನ್ನೆಲ್ಲ ಮಾಡಿತು. ಅವನು ನಕ್ಕ. ಮಬೀಲಾ ನಕ್ಕಳು. ಒಡೆಯರು ಎಲ್ಲರಿಗಿಂತ ಹೆಚ್ಚು ನಕ್ಕರು.

ಅಂದಿನಿಂದ ಗೊಸೆಲ್ಮ ಮೇಲಿನ ಪಂಕ್ತಿಯಲ್ಲಿ ಅವಳ ಪಕ್ಕ ಕೂತ. ನಮ್ಮಲ್ಲಿ ಪಕ್ಕಪಕ್ಕ ಕೂತ ಇಬ್ಬರಿಗೆ ಒಂದೇ ದಪ್ಪ ರೊಟ್ಟಿಯ ಮೇಲೆ ಬಡಿಸುತ್ತಾರೆ, ಒಂದೇ ಬಟ್ಟಲಿನಲ್ಲಿ ದ್ರಾಕ್ಷಾರಸ. ಅವನು ಮಾಂಸ ಕತ್ತರಿಸಿ ಮೆತ್ತನೆಯ ತುಂಡನ್ನು ಅವಳ ಕಡೆ ತಳ್ಳುತ್ತಿದ್ದ, ಅವಳು ಅದನ್ನು ಅವನ ಕಡೆಗೇ ತಳ್ಳುತ್ತಿದ್ದಳು, ಹಲ್ಲು ಬಂದ ಮೇಲೆ ಕೊನೆಗೆ ಅದನ್ನು ಎಬ್ಲೆ ತಿನ್ನುತ್ತಿದ್ದ. ನಾನು ಕಂಡ ಸುಖಸಂಸಾರ ಅದೊಂದೇ. ಅದರಲ್ಲಿ ಗಂಡ ಮಾತ್ರ ಬೇರೆಯವರು, ಇನ್ನೊಂದು ಪಕ್ಕದಲ್ಲಿ ತೂಕಡಿಸುತ್ತಿದ್ದರು.

ಎಬ್ಲೆ ಓಡಾಡುವ ಹೊತ್ತಿಗೆ ಒಡೆಯರು ಹಾಸಿಗೆ ಹಿಡಿದರು. ಅಂತ್ಯಕಾಲಕ್ಕೆ ಇತಿಯೇ ಸ್ವಾಮಿಗಳು ಬಂದರು. ಒಡೆಯರು ಹೆಂಡತಿಯನ್ನು ಪಕ್ಕಕ್ಕೆ ಕರೆದು, ಗೊಸೆಲ್ಮನಿಗೂ ಹೇಳಿಕಳಿಸಿದರು.

"ಗೊಸೆಲ್ಮ, ನಾನು ಹೋದ್ಮೇಲೆ ಇವ್ಳನ್ನ ಚೆನ್ನಾಗಿ ನೋಡ್ಕೋ."

"ಆಗ್ಲಿ ಒಡೆಯಾ."

"ತಂಗೀನ ನೋಡ್ಕೊಂಡ ಹಾಗೆ."

ಗೊಸೆಲ್ಮ ಮಬೀಲಾಳ ಕಡೆ ನೋಡಿದ.

"ಹಾಗೆ ಅಂದೆನಲ್ಲ, ಬಾಯಿತಪ್ಪು. ತಂಗೀನೇ. ಅಲ್ವೇ ಸ್ವಾಮಿ?"

"ಹೌದು ಒಡೆಯಾ," ಅಂದರು ಪಾದ್ರಿ. "ಕೂಸಿನ ಜ್ಞಾನತಂದೆ, ಕೂಸಿನ ತಾಯಿ, ದೇವರ ಮುಂದೆ ಒಡಹುಟ್ಟಿದವ್ರು. ಮದುವೆ ಅಂತೂ ಈ ಜನ್ಮಕ್ಕಿಲ್ಲ."

"ನಾನು ಏನೂ ಮಾಡ್ಲಿಲ್ಲ ಕಣೇ ಮಬೀಲಾ. ಎಲ್ಲಾ ನೀನೇ ಮಾಡ್ದೆ," ಎಂದು ಒಡೆಯರು ನಗತೊಡಗಿದರು. ನಗು ಕೆಮ್ಮಾಯಿತು, ಕೆಮ್ಮಿನಲ್ಲೇ ಪ್ರಾಣ ಹೋಯಿತು. ನಗುನಗುತ್ತಾ ಸತ್ತ ಇನ್ನೊಬ್ಬ ಕ್ರೈಸ್ತನನ್ನು ನಾನು ನೋಡಿಲ್ಲ.

ಈ ಕಟ್ಟಳೆ ನಮಗೆ ಗೊತ್ತಿರಲಿಲ್ಲವೇ ಎಂದು ಕೇಳಬಹುದು. ಗೊತ್ತಿತ್ತು. ದನ ಕಾಯುವವರಿಗೂ ಗೊತ್ತು. ಆದರೆ ಗಂಡ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿರುವಾಗ ಎರಡನೆಯ ಮದುವೆಯ ಅಡ್ಡಿಗಳನ್ನು ಯಾರು ಯೋಚಿಸುತ್ತಾರೆ? ನಾವೆಲ್ಲ ಆ ಬುರುಜನ್ನು ತಪ್ಪಿಸುವ ಗಡಿಬಿಡಿಯಲ್ಲಿದ್ದೆವು.

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು. ಮಬೀಲಾ ಪಾದ್ರಿಯ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ.

"ಇದನ್ನ ಬಿಡಿಸೋಕಾಗಲ್ವಾ ಸ್ವಾಮಿ?"

"ಎರೆದ ನೀರನ್ನ ವಾಪಸ್ಸು ತುಂಬ್ಕೊಳಕ್ಕಾಗತ್ತಾ ತಾಯಿ?"

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಗಂಡ ಇರೋ ಹೆಂಗಸಿಗೆ ನೀನು ಇಂಥವ್ನನ್ನ ಮದುವೆ ಆಗ್ಬೇಡ ಅಂತ ಹೇಗೆ ಹೇಳೋದು? ಮರ್ಯಾದೆ ಬೇಡ್ವಾ?"

ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಮದುವೆ ಇಲ್ದೇ ಹಾಗೇ ಜೊತೆಗಿದ್ರೆ?"

"ಒಡಹುಟ್ಟಿದವ್ರು ಕೂಡಿದ ಪಾಪ. ಸೀದಾ ನರಕ."

"ಜ್ಞಾನಸ್ನಾನಕ್ಕೆ ಮುಂಚೇನೇ ಆಗಿದ್ರೆ?"

ಪಾದ್ರಿ ಬೆರಳು ಮಡಿಚಿ ಲೆಕ್ಕ ಹಾಕಿದರು. "ಆಗ ಬರೀ ಹಾದರ. ಉಪವಾಸ ಮಾಡಿ ಕಳ್ಕೊಬೋದಿತ್ತು."

ಮಬೀಲಾ ಹಣೆ ಚಚ್ಚಿಕೊಂಡಳು. ಒಳ್ಳೆಯವಳಾಗಿದ್ದುದಕ್ಕೆ ಇಷ್ಟು ಪಶ್ಚಾತ್ತಾಪಪಟ್ಟ ಹೆಂಗಸನ್ನು ಆ ಪಾದ್ರಿ ನೋಡಿರಲಿಕ್ಕಿಲ್ಲ.

ಹೊರಗೆ ಗೊಸೆಲ್ಮ ಎಬ್ಲೆಯನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದ. ಅವಳ ಮುಖ ನೋಡಿಯೇ ಅವನಿಗೆ ಗೊತ್ತಾಯಿತು.

"ನಾನೇ ಮಾಡಿದ್ದು," ಅಂದಳು ಮಬೀಲಾ.

"ನೀವು ಮಾಡದೇ ಇದ್ದಿದ್ರೆ ಆ ಬುರುಜಲ್ಲಿ ಯಾವಾಗ್ಲೋ ಸತ್ತಿರ್ತಿದ್ದೆ. ಇವ್ನೂ ನಂಗೆ ಸಿಕ್ತಿರ್ಲಿಲ್ಲ." ಎಬ್ಲೆ ಅವನ ಕಿವಿ ಹಿಂಡುತ್ತಿದ್ದ. ಇಬ್ಬರೂ ಅತ್ತರು. ಮಗು ಮಾತ್ರ ಕಿವಿ ಬಿಡಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಒಡೆಯರಿಗೂ ಒಡೆಯರಾದ ದೊಡ್ಡ ದೊರೆಗಳಿಂದ ಆಳು ಬಂದ. ಜಮೀನಿರುವ ವಿಧವೆ ಖಾಲಿ ಕೂರುವುದು ರಾಜ್ಯಕ್ಕೆ ಒಳ್ಳೆಯದಲ್ಲವಂತೆ. ಗಂಡನ್ನೂ ಅವರೇ ಗೊತ್ತು ಮಾಡಿದ್ದರು. ಮೂವರು ಹೆಂಡಿರನ್ನು ಮಣ್ಣು ಮಾಡಿ ನಾಲ್ಕನೆಯವಳಿಗೆ ಜಾಗ ನೋಡಿಟ್ಟಿದ್ದ ಮಹಾನುಭಾವ.

ತಪ್ಪಿಸಿಕೊಳ್ಳುವ ದಾರಿ ಒಂದೇ ಇತ್ತು. ವಿಧವೆ ಬಿಷಪ್ಪರ ಮುಂದೆ ವ್ರತ ತೊಟ್ಟು ಬೂದುಬಣ್ಣದ ಮೇಲುಹೊದಿಕೆ ಹೊದ್ದರೆ ಮುಗಿಯಿತು, ದೊರೆಯೂ ಮದುವೆ ಮಾಡಿಸುವಂತಿಲ್ಲ. ಮನೆಯಲ್ಲೇ ಇರಬಹುದು, ಮಗನನ್ನು ಸಾಕಬಹುದು. ಆದರೆ ಜೀವ ಇರುವವರೆಗೆ ಯಾವ ಗಂಡಸಿನ ಸಂಗವೂ ಇಲ್ಲ.

"ಬೇಡ ಕಣೇ," ಎಂದು ನಾನು ಬೇಡಿಕೊಂಡೆ. "ಇನ್ನೂ ಚಿಕ್ಕವ್ಳು ನೀನು. ಆ ಮುದುಕನೂ ಎಷ್ಟು ದಿನ ಇರ್ತಾನೆ?"

"ಅವ್ನ ಮನೆಗೆ ಹೋದ್ರೆ ಗೊಸೆಲ್ಮ ಊಟಕ್ಕೆ ನನ್ನ ಪಕ್ಕ ಕೂರಲ್ಲ."

"ಒಂದು ಊಟಕ್ಕೋಸ್ಕರ ಜೀವಮಾನದ ವ್ರತಾನಾ?"

"ದಿನಾ ಊಟ ಇರತ್ತಲ್ಲ ದಾದಿ," ಅಂದಳು.

ಹೊದಿಕೆಗೆ ಬಟ್ಟೆ ಹುಡುಕಲು ನಾನೇ ಎದ್ದೆ.

ಬಿಷಪ್ಪರು ಬಂದರು. ಗುಡಿಯ ತುಂಬ ಜನ. ಬಟ್ಟೆ ಒಗೆಯುವ ಹೆಂಗಸರು ಮುಂದಿನ ಸಾಲಿನಲ್ಲೇ ನಿಂತಿದ್ದರು. ಮಬೀಲಾ ಮಂಡಿಯೂರಿ, ಹೇಳಿಕೊಟ್ಟ ಮಾತುಗಳನ್ನೆಲ್ಲ ಒಂದೂ ತಡವರಿಸದೆ ಹೇಳಿದಳು. ಆಮೇಲೆ ಹೊದಿಕೆ ಹೊದಿಸಬೇಕು. ನಮ್ಮ ಕಡೆ ಅದನ್ನು ಹೊದಿಸುವವನು ಹೆಣ್ಣಿನ ಹತ್ತಿರದ ನಂಟ. ಅವಳ ಅಪ್ಪ ಸತ್ತಿದ್ದ, ಅಣ್ಣತಮ್ಮಂದಿರಿರಲಿಲ್ಲ.

"ಹತ್ತಿರದ ನಂಟರು ಯಾರಿದ್ದೀರಿ?" ಬಿಷಪ್ಪರು ಕೇಳಿದರು.

ಇತಿಯೇ ಸ್ವಾಮಿಗಳು ಗೊಸೆಲ್ಮನ ಕಡೆ ತಿರುಗಿ ತಲೆಯಾಡಿಸಿದರು. ಗೊಸೆಲ್ಮ ಮುಂದೆ ಬಂದ. ಹೊದಿಕೆಯನ್ನು ಅವಳ ಹೆಗಲ ಮೇಲೆ ಹೊದಿಸಿದ, ಮುಂದೆ ಬಗ್ಗಿ ಕತ್ತಿನ ಹತ್ತಿರ ಕೊಂಡಿ ಹಾಕತೊಡಗಿದ. ಹಾಕುತ್ತಲೇ ಇದ್ದ. ಅವಳನ್ನು ಅವನು ಮುಟ್ಟಿದ್ದು ಅದೇ ಮೊದಲು. ಅದೇ ಕೊನೆಯೂ ಎಂದು ಆ ಗುಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೊಳೆದಂಡೆಯ ಹೆಂಗಸರು ತುಟಿಪಿಟಕ್ ಅನ್ನಲಿಲ್ಲ.

ಬಿಷಪ್ಪರು ಕೆಮ್ಮಿದರು. "ಕೊಂಡಿ ಬಿಗಿಯಾಗಿದೆಯೇನಪ್ಪಾ?"

ನಾನು ಅವಳ ಬೆನ್ನ ಹಿಂದೆಯೇ ಇದ್ದೆ. ಮಬೀಲಾ ತಲೆ ಎತ್ತದೆ, ಅವನಿಗೂ ನನಗೂ ಮಾತ್ರ ಕೇಳುವ ಹಾಗೆ ಹೇಳಿದಳು.

"ನಿಧಾನ. ಅವಸರ ಏನಿದೆ."

ಗೊಸೆಲ್ಮ ಕೊಂಡಿಯನ್ನು ಬಿಚ್ಚಿ, ಮತ್ತೆ ಮೊದಲಿನಿಂದ ಹಾಕಿದ.